ಹಳೆ ಮೂರು ಚಕ್ರದ ಹೋಂಡಾಕ್ಕೆ ಎಷ್ಟು ಹಲ್ಲಿನ ಸ್ಪ್ರಾಕೆಟ್ ಹಾಕಬೇಕು?

ಹೆಬ್ರಿ ಕಡೆ ನಮ್ಮ ಅಡಿಕೆ ತೋಟ ಇರುವುದು ಗುಡ್ಡೆಯ ಬುಡದಲ್ಲಿ. ಮನೆ ಮೇಲೆ. ನಡುವೆ ಮುರಕಲ್ಲು ಕಡಿದು ಮಾಡಿದ ದಾರಿ. ಅದರಲ್ಲಿ ಸುಮಾರು ನಲವತ್ತು ಅಡಿ ಉದ್ದದ ಒಂದು ಏರು ಇದೆ. ಹಗ್ಗ ಕಟ್ಟಿ, ಮೇಸ್ತ್ರಿಯ ಲೆವೆಲ್ ಇಟ್ಟು ಅಳೆದಿದ್ದೇನೆ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಬೇಸಿಗೆಯಲ್ಲಿ ಏನೂ ಅನ್ನಿಸುವುದಿಲ್ಲ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಅದರ ಮೇಲೆ ಪಾಚಿ ಕೂತಾಗ ಬರಿಗಾಲಲ್ಲಿ ನಡೆಯುವುದೂ ಕಷ್ಟ. ನನ್ನ ಗಾಡಿಯ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಎಷ್ಟು ಹಲ್ಲಿನದ್ದು ಇರಬೇಕು ಎಂದು ತೀರ್ಮಾನ ಮಾಡಿದ್ದು ಈ ನಲವತ್ತು ಅಡಿಯೇ.

ಗಾಡಿ ಅಂದರೆ ಹೋಂಡಾ ಎಟಿಸಿ 110, 1981ರದ್ದು. ಮೂರು ದಪ್ಪ ಚಕ್ರ, ಕೈ ಕ್ಲಚ್ ಇಲ್ಲ, ಕಾಲಿನಲ್ಲಿ ಹಾಕುವ ನಾಲ್ಕು ಗೇರ್. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಕಲ್ಲಿನ ಮೇಲೆ ಕೂತಿತ್ತು. ಪಿಕಪ್ಪಿನಲ್ಲಿ ಹಾಕಿ ತಂದೆ. ಇದು ರಸ್ತೆಗೆ ಇಳಿಸುವ ಗಾಡಿ ಅಲ್ಲ. ನಮ್ಮ ಜಾಗದ ಒಳಗೇ ಓಡುತ್ತದೆ, ಅಷ್ಟೇ. ಈ ಜಾತಿಯ ಗಾಡಿ ಶುರುವಾಗಿದ್ದು 1970ರಲ್ಲಿ. ಚಳಿಗಾಲದಲ್ಲಿ ಬೈಕ್ ಮಾರಾಟ ಕಡಿಮೆಯಾಗುತ್ತದೆ, ಆಗ ಮಾರಲು ಏನಾದರೂ ಬೇಕು ಎಂದು ಅಮೆರಿಕದ ಹೋಂಡಾ ಕೇಳಿತು. ಒಸಾಮು ಟಕೆಯುಚಿ ಎಂಬ ಇಂಜಿನಿಯರ್ ಯುಎಸ್ 90 ಮಾಡಿದರು. ಆಮೇಲೆ ಅದರ ಹೆಸರು ಎಟಿಸಿ 90 ಆಯಿತು. ಬಿದ್ದು ಗಾಯಗೊಂಡವರು, ಸತ್ತವರು ಜಾಸ್ತಿಯಾದ ಮೇಲೆ 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಒಪ್ಪಂದವಾಗಿ ಕಂಪೆನಿಗಳು ಹೊಸ ಮೂರು ಚಕ್ರದ ಗಾಡಿ ಮಾರುವುದನ್ನೇ ನಿಲ್ಲಿಸಿದವು. ಇದನ್ನು ಯಾಕೆ ಹೇಳಿದೆ ಅಂದರೆ, ಸ್ಪ್ರಾಕೆಟ್ ಬದಲಾಯಿಸುವಾಗ ಈ ಅಪಾಯದ ವಿಷಯ ಮತ್ತೆ ಬರುತ್ತದೆ.

ನಮ್ಮ ಊರಿನ ಮೆಕ್ಯಾನಿಕ್‌ಗಳು ಇದರ ಇಂಜಿನ್‌ಗೆ ಹೆದರಬೇಕಾಗಿಲ್ಲ. ಹೀರೋ ಹೋಂಡಾ ಸಿಡಿ 100 ಬಿಚ್ಚಿ ಗೊತ್ತಿದ್ದವರಿಗೆ ಇದು ಅದರ ಅಣ್ಣನ ಹಾಗೆ ಕಾಣುತ್ತದೆ. ಅದೇ ಮಲಗಿದ ಸಿಲಿಂಡರ್, ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, ಅದೇ 49.5 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ ಮಾತ್ರ 50 ಇದ್ದದ್ದು ಇಲ್ಲಿ 52, ಅದಕ್ಕೇ 105 ಸಿಸಿ. ಹಾಗಂತ ಅದರ ಸ್ಪ್ರಾಕೆಟ್ ಇದಕ್ಕೆ ಕೂತೇ ಕೂರುತ್ತದೆ ಎಂದುಕೊಳ್ಳಬೇಡಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಮೊದಲು ಮಾಡಬೇಕಾದದ್ದು ಎಣಿಸುವುದು. ಚಾಕ್‌ನಿಂದ ಒಂದು ಹಲ್ಲಿಗೆ ಗುರುತು ಹಾಕಿ, ಮುಂದಿನ ಚಿಕ್ಕ ಸ್ಪ್ರಾಕೆಟ್ ಎಣಿಸಿ, ಹಿಂದಿನ ದೊಡ್ಡದು ಎಣಿಸಿ. ಎರಡು ಸಲ ಎಣಿಸಿ. ನಲವತ್ತು ವರ್ಷದ ಗಾಡಿಯಲ್ಲಿ ಕಂಪೆನಿ ಹಾಕಿದ್ದೇ ಇರುತ್ತದೆ ಎಂದು ನಂಬಬೇಡಿ. ನನ್ನದರಲ್ಲಿ ಹಿಂದಿನವರು ತಮ್ಮ ಎಸ್ಟೇಟ್ ರಸ್ತೆಗೆ ಬೇಕಾದ ಹಾಗೆ ಹಾಕಿಸಿಕೊಂಡಿದ್ದರು. ಮುಂದೆ 15, ಹಿಂದೆ 38.

ಹಿಂದಿನ ಹಲ್ಲನ್ನು ಮುಂದಿನ ಹಲ್ಲಿನಿಂದ ಭಾಗಿಸಿ. 38ನ್ನು 15ರಿಂದ ಭಾಗಿಸಿದರೆ 2.53. ಇದಕ್ಕೆ ರೇಶಿಯೊ ಎನ್ನುತ್ತಾರೆ. ಅಂದರೆ ಮುಂದಿನದು ಎರಡೂವರೆ ಸುತ್ತು ತಿರುಗಿದಾಗ ಹಿಂದಿನ ಆಕ್ಸಲ್ ಒಂದು ಸುತ್ತು. ಈ ಅಂಕೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. ಚಿಕ್ಕದಾದಷ್ಟೂ ಓಟ ಜಾಸ್ತಿ, ಏರಿನಲ್ಲಿ ಏದುಸಿರು. ಇಂಜಿನ್ನಿನ ಶಕ್ತಿ ಇಲ್ಲಿ ಒಂದು ಚೂರೂ ಹೆಚ್ಚುವುದಿಲ್ಲ. ಇರುವುದನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂಬುದಷ್ಟೇ ಬದಲಾಗುತ್ತದೆ. ಗ್ಯಾರೇಜಿನಲ್ಲಿ 'ಗೇರಿಂಗ್ ಲೋ ಮಾಡಿ' ಅಂದರೆ ಈ ಅಂಕೆ ದೊಡ್ಡದು ಮಾಡಿ ಅಂತ ಅರ್ಥ. ಇಲ್ಲಿ ಬಹಳ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಮಾತು ಬಿಡಿ, ಹಲ್ಲಿನ ಲೆಕ್ಕದಲ್ಲೇ ಮಾತಾಡಿ.

ಟಯರನ್ನೂ ಇದೇ ಲೆಕ್ಕಕ್ಕೆ ತರಬೇಕು. ಈ ಗಾಡಿಯ ಟಯರ್ 22 ಇಂಚಿನದ್ದು, ಗಾಳಿ ಬರೀ ಎರಡು ಪೌಂಡ್ ಆಸುಪಾಸು. ಗಾಡಿಗೆ ಸ್ಪ್ರಿಂಗ್ ಇಲ್ಲ, ಶಾಕ್ ಇಲ್ಲ. ಆ ಮೆತ್ತನೆ ಟಯರೇ ಎಲ್ಲ. ಹಾಗಾಗಿ ಪುಸ್ತಕದ ಅಳತೆ ಬಿಟ್ಟು ನೆಲದ ಮೇಲೆ ಅಳೆಯಿರಿ. ಟಯರಿಗೆ ಒಂದು ಗುರುತು ಹಾಕಿ, ಒಬ್ಬರು ಗಾಡಿಯ ಮೇಲೆ ಕೂತು, ಇನ್ನೊಬ್ಬರು ಒಂದು ಸುತ್ತು ತಳ್ಳಿ. 22 ಇಂಚಿನ ಲೆಕ್ಕದಲ್ಲಿ 1.75 ಮೀಟರ್ ಬರಬೇಕು. ನನ್ನದು ಬಂದದ್ದು 1.66. ಟಯರ್ ಸವೆದಿದೆ, ಭಾರಕ್ಕೆ ಚಪ್ಪಟೆಯೂ ಆಗುತ್ತದೆ. ನಾಳೆ ಯಾರಾದರೂ 25 ಇಂಚಿನ ಟಯರ್ ಸಿಕ್ಕಿತೆಂದು ಹಾಕಿದರೆ ಗೇರಿಂಗ್ ನೂರಕ್ಕೆ 13.6ರಷ್ಟು ಓಟದ ಕಡೆಗೆ ಸರಿಯುತ್ತದೆ. ಮುಂದಿನ ಸ್ಪ್ರಾಕೆಟ್‌ಗೆ ಎರಡು ಹಲ್ಲು ಜಾಸ್ತಿ ಹಾಕಿದಂತೆಯೇ ಅದು. ಆಮೇಲೆ 'ಯಾಕೋ ಗಾಡಿ ಎಳೆಯುತ್ತಿಲ್ಲ' ಎಂದು ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತಾರೆ.

ಇನ್ನು ಆ ಏರಿನ ಕಥೆ. ಮಳೆ ಶುರುವಾಗುವ ಮೊದಲು ಒಂದು ಸಲ, ಆಮೇಲೆ ಮಳೆ ನಡುವೆ ಬಿಸಿಲು ಸಿಕ್ಕಿದಾಗ ಇನ್ನೊಂದು ಸಲ ಅಡಿಕೆಗೆ ಕೊಳೆರೋಗದ ಔಷಧಿ ಬಿಡಬೇಕಲ್ಲ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಕಲಸುವುದು ಕೆಳಗೆ, ಕೆರೆಯ ಹತ್ತಿರ. ಮೇಲಿನ ತಟ್ಟಿನ ಮರಗಳಿಗೆ ಅದನ್ನು ಹೊತ್ತು ತರಬೇಕು. ಗಾಡಿ ತಂದದ್ದೇ ಅದಕ್ಕೆ. 25 ಲೀಟರಿನ ಎರಡು ಕ್ಯಾನ್ ಹಿಂದಿನ ಕ್ಯಾರಿಯರಿಗೆ ಕಟ್ಟಿದೆ. ಗಾಡಿ, ನಾನು, ಕ್ಯಾನ್ ಎಲ್ಲ ಸೇರಿ ಸುಮಾರು 230 ಕೆಜಿ. ಒಂದಕ್ಕೆ ನಾಲ್ಕರ ಏರಿನಲ್ಲಿ ಅಷ್ಟು ಭಾರವನ್ನು ಹಿಡಿದು ನಿಲ್ಲಿಸುವುದಕ್ಕೇ 55 ಕೆಜಿಯಷ್ಟು ತಳ್ಳು ಬೇಕು. ಕೆಸರು ಬೇರೆ.

ಅರ್ಧ ಏರಿನಲ್ಲಿ ಗಾಡಿ ನಿಂತಿತು. ಇಂಜಿನ್ ಬಂದ್ ಆಗಲಿಲ್ಲ. ಅದು ಕೂಗುತ್ತಲೇ ಇತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ನಾನು ಇನ್ನಷ್ಟು ಥ್ರಾಟಲ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಔಷಧಿ ಬಿಡಲು ಬಂದಿದ್ದ ಅಣ್ಣ ಮೇಲಿನಿಂದ 'ಸಾಕು ಮಾರಾಯ್ರೇ, ಬಂದ್ ಮಾಡಿ' ಎಂದು ಕೂಗಿದರು. ಸಂಜೆ ಆಯಿಲ್ ಇಳಿಸಿದಾಗ ಡಾಂಬರಿನ ಹಾಗೆ ಕಪ್ಪು. ಬೆರಳಿಗೆ ತೆಗೆದು ಉಜ್ಜಿ ನೋಡಿದರೆ ಕ್ಲಚ್ಚಿನ ಪುಡಿ ಮರಳಿನಂತೆ ತಾಗುತ್ತಿತ್ತು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಈ ಗಾಡಿಯ ಗೇರಿಂಗ್ ವಿಷಯವೆಲ್ಲ ಇದರಲ್ಲೇ ಇದೆ. ಇದರ ಕ್ಲಚ್ ತಾನಾಗಿಯೇ ಹಿಡಿಯುವಂಥದ್ದು. ಇಂಜಿನ್ ಸಾಕಷ್ಟು ಜೋರಾಗಿ ತಿರುಗಿದರೆ ಮಾತ್ರ ಗಟ್ಟಿ ಕಚ್ಚುತ್ತದೆ. ಕೆಸರಿನ ಏರಿನಲ್ಲಿ ನೀವು ನಡಿಗೆಯ ವೇಗದಲ್ಲೇ ಹೋಗಬೇಕು. ಆ ವೇಗದಲ್ಲಿ ಒಂದನೇ ಗೇರಿನಲ್ಲಿ ಇಂಜಿನ್ ಎಷ್ಟು ತಿರುಗುತ್ತದೆ ಎಂಬುದನ್ನು ಸ್ಪ್ರಾಕೆಟ್ ನಿರ್ಧರಿಸುತ್ತದೆ. ರೇಶಿಯೊ ಚಿಕ್ಕದಾದರೆ ಕ್ಲಚ್ ಪೂರ್ತಿ ಕಚ್ಚುವ ಹಂತಕ್ಕೆ ಬರುವುದೇ ಇಲ್ಲ. ಅರ್ಧ ಜಾರುತ್ತಾ, ಅರ್ಧ ಹಿಡಿಯುತ್ತಾ ಬೇಯುತ್ತದೆ. ಕೈ ಕ್ಲಚ್ಚಿನ ಬೈಕಿನಲ್ಲಾದರೆ ಇಂಜಿನ್ ಬಂದ್ ಆಗಿ ನಿಮಗೆ ಎಚ್ಚರಿಕೆ ಕೊಡುತ್ತದೆ. ಇದರಲ್ಲಿ ಆ ಎಚ್ಚರಿಕೆ ಇಲ್ಲ. ಸದ್ದು ಏರುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ ಅಂದರೆ ಅದೇ ಎಚ್ಚರಿಕೆ. ತಕ್ಷಣ ಥ್ರಾಟಲ್ ಬಿಡಿ.

ಕ್ಲಚ್ ಹೊಸದು ಹಾಕಿಸಿದ ಮೇಲೆ ಸ್ಪ್ರಾಕೆಟ್‌ಗೆ ಕೈ ಹಾಕಿದೆ. ನಾನು ಮಾಡಿದ ಕ್ರಮ ಇದು, ನೀವೂ ಹೀಗೇ ಮಾಡಿ ಎನ್ನುತ್ತೇನೆ. ಮೊದಲು ಮುಂದಿನ ಚಿಕ್ಕ ಸ್ಪ್ರಾಕೆಟ್ ಬದಲಾಯಿಸಿ ಪರೀಕ್ಷೆ ಮಾಡಿ. ಅದು ಅಗ್ಗ, ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಅರ್ಧ ಗಂಟೆಯ ಕೆಲಸ. ಮುಂದೆ ಒಂದು ಹಲ್ಲು ಕಡಿಮೆ ಮಾಡುವುದು ಅಂದರೆ ಹಿಂದೆ ಸುಮಾರು ಮೂರು ಹಲ್ಲು ಜಾಸ್ತಿ ಮಾಡಿದಂತೆ. ನಾನು 14 ಹಾಕಿದೆ. 38ಕ್ಕೆ 14, 2.71 ಬಂತು. ಖಾಲಿ ಗಾಡಿ ಆರಾಮಾಗಿ ಹತ್ತಿತು. ಎರಡು ಕ್ಯಾನ್ ಕಟ್ಟಿದಾಗ ಹತ್ತಿತು, ಆದರೆ ನಡುವೆ ನಿಲ್ಲಿಸಿ ಮತ್ತೆ ಹೊರಟರೆ ಕ್ಲಚ್ ಜಾರಿತು. ಆಮೇಲೆ 13 ಹಾಕಿದೆ. 2.92. ನಡು ಏರಿನಲ್ಲಿ ನಿಂತು, ಅರ್ಧ ಥ್ರಾಟಲ್‌ನಲ್ಲಿ, ಎತ್ತು ನೊಗಕ್ಕೆ ಭುಜ ಕೊಟ್ಟ ಹಾಗೆ ಹೊರಟಿತು.

ಪರೀಕ್ಷೆಯನ್ನು ಮಳೆ ಬಿದ್ದ ದಿನವೇ ಮಾಡಿ. ಕ್ಯಾನಿನಲ್ಲಿ ಔಷಧಿ ಬೇಡ, ನೀರು ತುಂಬಿಸಿ. ಓಡಿ ಬಂದ ರಭಸದಲ್ಲಿ ಹತ್ತಿದರೆ ಅದು ಲೆಕ್ಕಕ್ಕಿಲ್ಲ. ಅತಿ ಕಡಿದಾದ ಜಾಗದಲ್ಲಿ ಬ್ರೇಕ್ ಹಿಡಿದು ನಿಂತು, ಅಲ್ಲಿಂದ ಹೊರಡಬೇಕು. ಹೆಲ್ಮೆಟ್ ಇರಲಿ. ಸಹಾಯಕ್ಕೆ ಬಂದವರು ಗಾಡಿಯ ಹಿಂದೆ ನಿಲ್ಲಬಾರದು, ಬದಿಗೆ ನಿಲ್ಲಲಿ. ಮೈ ಮುಂದೆ ಬಾಗಿರಲಿ. ಕಾಲು ಮಾತ್ರ ಯಾವ ಕಾರಣಕ್ಕೂ ನೆಲಕ್ಕೆ ಇಡಬೇಡಿ. ಬೈಕ್ ಓಡಿಸಿದವರಿಗೆ ಗಾಡಿ ವಾಲಿದ ತಕ್ಷಣ ಕಾಲು ಕೊಡುವುದು ಅಭ್ಯಾಸ. ಇದರಲ್ಲಿ ಹಾಗೆ ಕೊಟ್ಟ ಕಾಲಿನ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಈ ಗಾಡಿಗಳಲ್ಲಿ ಕಾಲು ಮುರಿಯುವುದು ಹಾಗೆಯೇ.

ಹಾಗಾದರೆ ಇನ್ನೂ ಕಡಿಮೆ ಮಾಡಿ 12, 11 ಹಾಕಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಎಳೆತ ಅತಿಯಾದರೆ ಮುಂದಿನ ಚಕ್ರ ಏಳುತ್ತದೆ. ಗಾಡಿ ಗಿಡ್ಡ, ಭಾರ ಹಿಂದೆ, ಏರು ಮುಂದೆ. ಮುಂದಿನ ಒಂಟಿ ಚಕ್ರ ಎದ್ದರೆ ಹ್ಯಾಂಡಲ್ ತಿರುಗಿಸಿದರೂ ಪ್ರಯೋಜನವಿಲ್ಲ, ಗಾಡಿ ನಿಮ್ಮ ಮೇಲೇ ಮಗುಚುತ್ತದೆ. ಕೆಸರಿನಲ್ಲಂತೂ ಅತಿ ಎಳೆತಕ್ಕೆ ಟಯರ್ ಸುಮ್ನೆ ಒಂದೇ ಜಾಗದಲ್ಲಿ ತಿರುಗಿ ಗುಂಡಿ ತೋಡುತ್ತದೆ. ಹದವಾದ ಥ್ರಾಟಲ್‌ನಲ್ಲಿ ಹೊರಟಾಗ ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡೇ ಇರಬೇಕು. ಏಳಲು ನೋಡಿದರೆ ಒಂದು ಹಲ್ಲು ವಾಪಸ್ ಬನ್ನಿ, ಇಲ್ಲವೇ ಭಾರವನ್ನು ಕ್ಯಾರಿಯರಿನಲ್ಲಿ ಮುಂದಕ್ಕೆ ಸರಿಸಿ.

13 ಹಲ್ಲು ಸರಿ ಹೋಯಿತು ಎಂದು ಅದನ್ನೇ ಇಟ್ಟುಕೊಳ್ಳಬಹುದಿತ್ತು. ನಾನು ಇಟ್ಟುಕೊಳ್ಳಲಿಲ್ಲ. ಕಾರಣ ಹೇಳುತ್ತೇನೆ. ಸ್ಪ್ರಾಕೆಟ್ ಕಣ್ಣಿಗೆ ವೃತ್ತ, ಚೈನಿಗೆ ಅದು ಮೂಲೆಗಳಿರುವ ಚಕ್ರ. ಹಲ್ಲು ಕಡಿಮೆಯಾದಷ್ಟೂ ಮೂಲೆ ಚೂಪು. 15 ಹಲ್ಲಿನದ್ದರಲ್ಲಿ ಪ್ರತಿ ಕೊಂಡಿಗೆ ಚೈನಿನ ವೇಗ ನೂರಕ್ಕೆ 2.2ರಷ್ಟು ಏರಿಳಿಯುತ್ತದೆ. 13ರಲ್ಲಿ 2.9. 11ರಲ್ಲಿ 4. ಜೊತೆಗೆ ಅದೇ ಎಳೆತವನ್ನು ಕಡಿಮೆ ಹಲ್ಲುಗಳು ಹಂಚಿಕೊಳ್ಳಬೇಕು, ಕೊಂಡಿಗಳು ಜಾಸ್ತಿ ಮಡಚಬೇಕು. 13 ಹಾಕಿದ ವಾರದಲ್ಲೇ ನನಗೆ ಕಾಲಿನ ಕೆಳಗೆ ಒಂದು ಕಿರುನಡುಕ ಗೊತ್ತಾಗುತ್ತಿತ್ತು. ಮುರಕಲ್ಲಿನ ಕೆಂಪು ಕೆಸರು ಚೈನಿಗೆ ಹತ್ತಿದರೆ ಅದು ಗ್ರೈಂಡಿಂಗ್ ಪೇಸ್ಟ್ ಇದ್ದ ಹಾಗೆ. ಇದೆಲ್ಲ ಸೇರಿದರೆ ಚಿಕ್ಕ ಸ್ಪ್ರಾಕೆಟ್ ಒಂದು ಮಳೆಗಾಲ ಬರುವುದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟು: ರೇಶಿಯೊ ಹುಡುಕಲು ಮುಂದಿನದ್ದು, ಖಾಯಂ ಇಡಲು ಹಿಂದಿನದ್ದು. 13ಕ್ಕೆ 38 ಅಂದರೆ 2.92. ಅದೇ 2.92ಕ್ಕೆ ಇನ್ನೊಂದು ದಾರಿ ಇದೆ. ಮುಂದೆ 14, ಹಿಂದೆ 41. ಭಾಗಿಸಿ ನೋಡಿ, 2.93. ಎಳೆತ ಅದೇ, ಓಟ ಅದೇ, ಚೈನಿಗೆ ಆಯುಷ್ಯ ಜಾಸ್ತಿ. 41 ಬೆಸ ಸಂಖ್ಯೆ ಬೇರೆ. ಚೈನಿನ ಕೊಂಡಿಗಳು ಸಮ ಸಂಖ್ಯೆಯಲ್ಲಿರುವುದರಿಂದ ಒಂದೇ ಹಲ್ಲಿಗೆ ಅದೇ ಕೊಂಡಿಗಳು ಮತ್ತೆ ಮತ್ತೆ ಬರುವುದಿಲ್ಲ, ಸವೆತ ಎಲ್ಲಕ್ಕೂ ಹಂಚಿ ಹೋಗುತ್ತದೆ.

41 ಹಲ್ಲಿನದ್ದು ಅಂಗಡಿಯಲ್ಲಿ ಸಿಗಲಿಲ್ಲ. ಮಂಗಳೂರಿನ ಬೈಕಂಪಾಡಿಯ ಒಂದು ಲೇತ್ ಶಾಪಿನಲ್ಲಿ ಮಾಡಿಸಿದೆ. ಹೀಗೆ ಮಾಡಿಸುವವರು ಹಳೆ ಸ್ಪ್ರಾಕೆಟನ್ನೂ ಅದು ಕೂರುವ ಹಬ್ಬನ್ನೂ ಎರಡನ್ನೂ ತೆಗೆದುಕೊಂಡು ಹೋಗಿ. ಬೋಲ್ಟಿನ ತೂತಿಗಿಂತ ನಡುವಿನ ತೂತು ಮುಖ್ಯ. ಅದು ಹಬ್ಬಿನ ಮೇಲೆ ಆಡದೆ ಕೂರಬೇಕು. ಲೇತಿನ ಅಣ್ಣ ನನ್ನೆದುರಿಗೇ ಡಯಲ್ ಗೇಜ್ ಇಟ್ಟು ತಿರುಗಿಸಿದರು. ಮುಳ್ಳು ಅರ್ಧ ಮಿಲಿಮೀಟರಿನ ಒಳಗೇ ಆಡಬೇಕು, ಜಾಸ್ತಿ ಆಡಿದರೆ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದೆ ಎಂದರು. ಇಎನ್ 8 ಎಂಬ ಗಟ್ಟಿ ಸ್ಟೀಲಿನಲ್ಲಿ ಮಾಡಿಸಿ, ಹಲ್ಲಿಗೆ ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಮಾಡಿಸಿ. ಮೆತ್ತನೆ ಪ್ಲೇಟಿನಲ್ಲಿ ಮಾಡಿದ್ದು ಹೊಸದರಲ್ಲಿ ಚಂದ ಕಾಣುತ್ತದೆ, ಮೂರು ತಿಂಗಳಿಗೆ ಹಲ್ಲು ಕೊಕ್ಕೆಯಾಗುತ್ತದೆ.

ಚೈನಿನ ನಂಬರ್ ವಿಷಯದಲ್ಲಿ ಒಂದು ಮೋಸ ಇದೆ. 420 ಮತ್ತು 428, ಎರಡಕ್ಕೂ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಹಾಗಾಗಿ 'ಎರಡೂ ಒಂದೇ, ಹಾಕಿ' ಎನ್ನುವವರಿದ್ದಾರೆ. ಒಂದೇ ಅಲ್ಲ. 420ರ ಒಳ ಅಗಲ 6.35, 428ರದ್ದು 7.94. ರೋಲರಿನ ದಪ್ಪವೂ ಬೇರೆ, 7.77 ಮತ್ತು 8.51. 428ರ ಚೈನ್ 420ರ ಹಲ್ಲಿನ ಮೇಲೆ ಹತ್ತಿಕೊಳ್ಳುತ್ತದೆ, ಆದರೆ ತಳಕ್ಕೆ ಕೂರುವುದಿಲ್ಲ, ಅಡ್ಡಡ್ಡ ಆಡುತ್ತದೆ. ನನ್ನ ಗಾಡಿಯಲ್ಲಿ ಇರುವುದು 420. ನಮ್ಮಲ್ಲಿ ಬೈಕಿನ 428 ಎಲ್ಲೆಂದರಲ್ಲಿ ಸಿಗುತ್ತದೆ ನಿಜ. ಅದಕ್ಕೆ ಹೋಗುವುದಾದರೆ ಮುಂದಿನದು, ಹಿಂದಿನದು, ಚೈನ್ ಮೂರನ್ನೂ 428 ಮಾಡಿ, ಕವರಿನ ಒಳಗೆ ಅಗಲ ಸಾಕೇ ಎಂದು ನೋಡಿಕೊಳ್ಳಿ.

ಹಿಂದೆ ಹಲ್ಲು ಜಾಸ್ತಿಯಾದರೆ ಸ್ಪ್ರಾಕೆಟ್ ದೊಡ್ಡದಾಗುತ್ತದೆ. 38ರಿಂದ 41ಕ್ಕೆ ಅಡ್ಡಳತೆ 12 ಮಿ.ಮೀ. ಹೆಚ್ಚು, ಅಂದರೆ ಸುತ್ತಲೂ 6. ಚೈನ್ ಗಾರ್ಡಿಗೆ ತಾಗುತ್ತದಾ ನೋಡಿ. ಚೈನ್ ಉದ್ದವೂ ಬದಲಾಗುತ್ತದೆ. ನನ್ನ ಹಳೆ ಚೈನ್ 90 ಕೊಂಡಿಯದ್ದು, ಹೊಸತು 92ಕ್ಕೆ ಕತ್ತರಿಸಿದೆ. ಹಳೆ ಚೈನನ್ನು ಹೊಸ ಸ್ಪ್ರಾಕೆಟ್ಟಿಗೆ ಹಾಕುವುದು ಬೇಡವೇ ಬೇಡ. ಹಿಗ್ಗಿದ ಚೈನ್ ಹೊಸ ಹಲ್ಲನ್ನು ತನ್ನ ಅಳತೆಗೆ ತಿನ್ನುತ್ತದೆ.

ಕೂರಿಸುವಾಗ ಆಕ್ಸಲ್ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಚೈನ್ ನಡುವಿನಲ್ಲಿ ಬೆರಳಿನಿಂದ ಎತ್ತಿದರೆ ಮುಕ್ಕಾಲು ಇಂಚು ಆಡುವಷ್ಟು ಬಿಡಿ. ಚಕ್ರ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗದಲ್ಲಿ ಈ ಅಳತೆ ನೋಡಬೇಕು. ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯೇ ಎಂದು ನೇರ ಪಟ್ಟಿ ಇಟ್ಟು ನೋಡಿ. ಚೈನಿನ ಎರಡು ತುದಿ ಸೇರಿಸುವ ಲಾಕ್ ಲಿಂಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ಎರಡು ಗಂಟೆ ಓಡಿಸಿದ ಮೇಲೆ ಬೋಲ್ಟ್ ಎಲ್ಲ ಇನ್ನೊಮ್ಮೆ ಬಿಗಿ ಮಾಡಿ.

ಇಳಿಯುವಾಗಲೂ ಈ ಬದಲಾವಣೆ ಒಳ್ಳೆಯದೇ ಆಯಿತು. ಅದೇ ಏರನ್ನು ಖಾಲಿ ಕ್ಯಾನಿನೊಂದಿಗೆ ಒಂದನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಬೆರಳು ಇಟ್ಟರೆ ಸಾಕು. ಕಳೆದುಕೊಂಡದ್ದು ಓಟ. ಕೊಯ್ಲು ಮುಗಿದ ಬೈಲಿನಲ್ಲಿ ಎರಡನೇ ಗೇರಿನಲ್ಲಿ ಫೋನಿನಲ್ಲಿ ನೋಡಿದ್ದೆ. ಮೊದಲು 24 ಕಿ.ಮೀ. ಬರುತ್ತಿದ್ದದ್ದು ಈಗ 21. ತೋಟದ ಕೆಲಸಕ್ಕೆ ಇದು ನಷ್ಟವೇ ಅಲ್ಲ. ಹಿಂದಿನ ಎರಡು ಚಕ್ರ ಒಂದೇ ಆಕ್ಸಲ್ಲಿಗೆ ಗಟ್ಟಿ ಕೂತಿರುವುದರಿಂದ, ಗಟ್ಟಿ ನೆಲದಲ್ಲಿ ಜೋರಾಗಿ ತಿರುಗಿಸಲು ಹೋದರೆ ಗಾಡಿ ನೆಟ್ಟಗೇ ಹೋಗಲು ನೋಡುತ್ತದೆ. ನಿಧಾನ ಇದ್ದಷ್ಟೂ ಕ್ಷೇಮ.

ಔಷಧಿ ಬಿಟ್ಟ ದಿನ ಸಂಜೆ ಚೈನ್ ತೊಳೆಯಲೇಬೇಕು. ಬೋರ್ಡೋದಲ್ಲಿ ಸುಣ್ಣ ಕಡಿಮೆಯಾಗಿದ್ದರೆ ಕತ್ತಿ ಅದ್ದಿ ನೋಡಿದಾಗ ಕೆಂಪಾಗುತ್ತದಲ್ಲ, ಚೈನಿಗೂ ಅದೇ ಆಗುತ್ತದೆ. ಮೈಲುತುತ್ತು ಕಬ್ಬಿಣ ತಿನ್ನುತ್ತದೆ. ನೀರು ಹಾಕಿ ತೊಳೆದು, ಸೀಮೆಎಣ್ಣೆ ಬ್ರಶ್ ಮಾಡಿ, ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಹಚ್ಚಿ. ತಿಂಗಳಿಗೊಮ್ಮೆ ಚೈನ್ ಎಳೆದು ಹಿಡಿದು 21 ಪಿನ್ನು ಎಣಿಸಿ, ಮೊದಲನೆಯದರಿಂದ ಕೊನೆಯದಕ್ಕೆ ಅಳೆಯಿರಿ. ಹೊಸತರಲ್ಲಿ 254 ಮಿ.ಮೀ. 259 ದಾಟಿದರೆ ಬದಲಾಯಿಸಿ.

ಹಳೆ 15ರ ಸ್ಪ್ರಾಕೆಟ್ ಇನ್ನೂ ಚೆನ್ನಾಗಿದೆ. ಎಣ್ಣೆ ಹಚ್ಚಿ ಶೆಡ್ಡಿನ ಮೊಳೆಗೆ ನೇತು ಹಾಕಿದ್ದೇನೆ. ಡಿಸೆಂಬರಿನಲ್ಲಿ ದಾರಿ ಒಣಗಿ ಅಡಿಕೆ ಕೊಯ್ಲು ಶುರುವಾದಾಗ ಕ್ಯಾನಿನ ಭಾರ ಇರುವುದಿಲ್ಲ, ಓಡಾಟ ಜಾಸ್ತಿ ಇರುತ್ತದೆ. ಆಗ 14 ತೆಗೆದು ಇದನ್ನು ಹಾಕುತ್ತೇನೆ. 41ಕ್ಕೆ 15, 2.73. ಚೈನ್ ಅದೇ ಸಾಕು. ಆಕ್ಸಲನ್ನು ಮೂರು ಮಿಲಿಮೀಟರ್ ಮುಂದೆ ತಂದರೆ ಆಯಿತು.